ಒಂದು ಸ್ಟಡ್, ಒಂದು ಅಡಿ

ಲೆಗೋ ಮಿನಿಫಿಗರ್ ಒಂದನ್ನು ಕೈಗೆ ತೆಗೆದುಕೊಳ್ಳಿ. 1978ರಲ್ಲಿ ಬಂದ ಈ ಗೊಂಬೆಯ ಮೂಲ ಆಕಾರ ಇಂದಿಗೂ ಅದೇ. ನಿಲ್ಲಿಸಿ ಅಳೆದರೆ ತಲೆಯ ಮೇಲಿನ ಗುಬುಟು ಸೇರಿ ಸುಮಾರು 40 ಮಿ.ಮೀ. ಎತ್ತರ. ಸೊಂಟದ ಹತ್ತಿರ 16 ಮಿ.ಮೀ. ಅಗಲ, ಎರಡೂ ತೋಳು ಸೇರಿಸಿದರೆ 24ರ ಆಸುಪಾಸು. ತಲೆಯ ಅಗಲ ಹತ್ತಿರ ಹತ್ತಿರ 10.

ಇದನ್ನು ಐದೂವರೆ ಅಡಿ ಎತ್ತರದ ಮನುಷ್ಯ ಎಂದುಕೊಳ್ಳೋಣ. ಎತ್ತರದ ಲೆಕ್ಕದಲ್ಲಿ ಸ್ಕೇಲ್ 1:42, ಅಂದರೆ ಗೊಂಬೆಯ 1 ಮಿ.ಮೀ. ನಿಜದ 42 ಮಿ.ಮೀ. ಭುಜದ ಲೆಕ್ಕ ಹಿಡಿದರೆ ಸುಮಾರು 1:20. ತಲೆಯ ಲೆಕ್ಕದಲ್ಲಿ 1:15. ಅಂದರೆ ಒಂದೇ ಗೊಂಬೆಯೊಳಗೆ ಮೂರು ಸ್ಕೇಲ್ ಇವೆ. ಹಾಗಾಗಿ "ಮಿನಿಫಿಗರ್ ಸ್ಕೇಲ್ ಅಂದರೆ ಎಷ್ಟು?" ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ, ಹೇಳಿದವರೆಲ್ಲರೂ ಸರಿಯೇ. ಇಂದಿನ ನಮ್ಮ ಮಾತಿನ ತಿರುಳು ಇಷ್ಟು: ಸ್ಕೇಲನ್ನು ಗೊಂಬೆ ನೋಡಿ ತೀರ್ಮಾನಿಸಬೇಡಿ. ನಿಮ್ಮ ಮಾದರಿಯಲ್ಲಿ ಯಾವ ಭಾಗವನ್ನು ಹಿಗ್ಗಿಸುವುದಕ್ಕೂ ಆಗುವುದಿಲ್ಲ, ಕುಗ್ಗಿಸುವುದಕ್ಕೂ ಆಗುವುದಿಲ್ಲವೋ ಅದನ್ನು ಮೊದಲು ಹುಡುಕಿ. ಸ್ಕೇಲ್ ಅದರಿಂದ ಹುಟ್ಟಲಿ.

ಮುಂದೆ ಹೋಗುವ ಮುನ್ನ ಬ್ರಿಕ್ಕಿನ ಅಳತೆಗಳು ಬಾಯಿಪಾಠವಾಗಲಿ. ಬ್ರಿಕ್ ಅಂದರೆ ಲೆಗೋ ಇಟ್ಟಿಗೆ, ಅದರ ಮೇಲಿನ ಗುಬುಟೇ ಸ್ಟಡ್. ಒಂದು ಸ್ಟಡ್‌ನ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ಬ್ರಿಕ್ಕಿನ ಎತ್ತರ, ಮೇಲಿನ ಸ್ಟಡ್ ಬಿಟ್ಟು, 9.6. ತೆಳುವಾದ ಬ್ರಿಕ್ಕಿಗೆ ಪ್ಲೇಟ್ ಎನ್ನುತ್ತಾರೆ, ಅದು 3.2, ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಕಡ್ಡಿ ಹಿಡಿದು ಅಳೆದರೆ 2×4 ಬ್ರಿಕ್ 32 ಮಿ.ಮೀ. ಇರುವುದಿಲ್ಲ, 31.8 ಇರುತ್ತದೆ. ಪಕ್ಕಪಕ್ಕದ ಬ್ರಿಕ್ಕುಗಳು ಒಂದಕ್ಕೊಂದು ಸಿಕ್ಕಿ ಬಿಗಿಯಾಗದಿರಲಿ ಎಂದು ಪ್ರತಿ ಬದಿಯಲ್ಲೂ 0.1 ಮಿ.ಮೀ. ಬಿಟ್ಟಿರುತ್ತಾರೆ. ಲೆಕ್ಕಕ್ಕೆ ಯಾವಾಗಲೂ 8ನ್ನೇ ಹಿಡಿಯಿರಿ.

ಅಗಲ 8, ಎತ್ತರ 9.6. ಹೊಸಬರು ಎಡವುವುದು ಇಲ್ಲೇ. ಹತ್ತು ಸ್ಟಡ್ ಅಗಲ, ಹತ್ತು ಬ್ರಿಕ್ ಎತ್ತರ ಕಟ್ಟಿ ಚೌಕ ಆಯಿತು ಅಂದುಕೊಳ್ಳುತ್ತಾರೆ. ಆಗಿರುವುದು 80ಕ್ಕೆ 96ರ ಗೋಡೆ, ಐದನೇ ಒಂದು ಪಾಲು ಉದ್ದುದ್ದ. ಗ್ರಾಫ್ ಕಾಗದದ ಮೇಲೆ ಮುಖ ಬರೆದು ಮನೆ ಒಂದಕ್ಕೆ ಒಂದು ಬ್ರಿಕ್ ಇಟ್ಟವರ ಚಿತ್ರಗಳೆಲ್ಲ ಕೋಲುಮುಖವಾಗುವುದು ಇದೇ ಕಾರಣಕ್ಕೆ. ಎರಡು ಸಮೀಕರಣ ನೆನಪಿಟ್ಟರೆ ಸಾಕು. 5 ಬ್ರಿಕ್ ಎತ್ತರ ಅಂದರೆ 6 ಸ್ಟಡ್ ಅಗಲ, ಎರಡೂ 48 ಮಿ.ಮೀ. 5 ಪ್ಲೇಟ್ ಎತ್ತರ ಅಂದರೆ 2 ಸ್ಟಡ್ ಅಗಲ, ಎರಡೂ 16. ಬ್ರಿಕ್ಕನ್ನು ಮಗ್ಗುಲಿಗೆ ಮಲಗಿಸಿ ಕಟ್ಟುವ ಕೆಲಸವೆಲ್ಲ ನಿಂತಿರುವುದು ಎರಡನೆಯದರ ಮೇಲೆ.

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಮನೆಯ ವಿಷಯ ಬಂದರೆ ಮಾತು ಇಂದಿಗೂ ಅಡಿಯಲ್ಲೇ. ತರ್ಟಿ ಫಾರ್ಟಿ ಸೈಟು, ಹತ್ತು ಅಡಿ ತಾರಸಿ, ಒಂಬತ್ತು ಇಂಚಿನ ಗೋಡೆ. ಒಂದು ಅಡಿ ಅಂದರೆ 304.8 ಮಿ.ಮೀ. ಅದನ್ನು 8ರಿಂದ ಭಾಗಿಸಿದರೆ 38.1. ಅಂದರೆ 1:38.1 ಸ್ಕೇಲ್ ಆರಿಸಿಕೊಂಡರೆ ಒಂದು ಸ್ಟಡ್ ಸರಿಯಾಗಿ ಒಂದು ಅಡಿ. ಗೊಂಬೆಯ 40 ಮಿ.ಮೀ. ಸರಿಯಾಗಿ ಐದು ಅಡಿ. ಪ್ಲೇಟ್ 4.8 ಇಂಚು. ಬ್ರಿಕ್ 14.4 ಇಂಚು. ಮನೆಗಳ ಮಾದರಿಗೆ ಇದಕ್ಕಿಂತ ಅನುಕೂಲದ ಸ್ಕೇಲ್ ನಮಗೆ ಕಂಡಿಲ್ಲ. ಮನೆಯ ಪ್ಲಾನ್ ಹಾಳೆ ಎದುರಿಗಿಟ್ಟುಕೊಂಡು ಕ್ಯಾಲ್ಕುಲೇಟರ್ ಇಲ್ಲದೆ ಕಟ್ಟಬಹುದು.

30×40ರ ಸೈಟ್ ಅಂದರೆ 30 ಸ್ಟಡ್‌ಗೆ 40 ಸ್ಟಡ್. 48×48ರ ಬೇಸ್‌ಪ್ಲೇಟ್ ಮೇಲೆ ಕೂರುತ್ತದೆ, ಮುಂದೆ ಚರಂಡಿ, ಫುಟ್‌ಪಾತು, ಒಂದು ತೆಂಗಿನ ಮರಕ್ಕೆ 8 ಸ್ಟಡ್ ಉಳಿಯುತ್ತದೆ. ನೆಲದಿಂದ ತಾರಸಿಗೆ 10 ಅಡಿ ಅಂದರೆ 25 ಪ್ಲೇಟ್, ಅಂದರೆ 8 ಬ್ರಿಕ್ ಮೇಲೆ ಒಂದು ಪ್ಲೇಟ್. ಐದು ಇಂಚಿನ ಆರ್‌ಸಿಸಿ ಮೋಲ್ಡಿಗೆ ಒಂದು ಪ್ಲೇಟ್. ಒಂದು ಮಹಡಿಗೆ ಒಟ್ಟು 26.

ಇಷ್ಟರವರೆಗೆ ಸಲೀಸು. ತೊಡಕು ಶುರುವಾಗುವುದು ಗೋಡೆಯಿಂದ. ಸೈಟಿನ ಎರಡೂ ಬದಿ ಮೂರು ಅಡಿ ಬಿಟ್ಟು 24 ಅಡಿ ಅಗಲದ ಮನೆ ಎಂದುಕೊಳ್ಳಿ. ನಿಜದಲ್ಲಿ ಎರಡು ಹೊರಗೋಡೆ ಒಂಬತ್ತೊಂಬತ್ತು ಇಂಚು, ನಡುವಿನದು ನಾಲ್ಕೂವರೆ ಇಂಚು. ಒಳಗೆ 22 ಅಡಿ ಸಿಗುತ್ತದೆ, ಹನ್ನೊಂದು ಹನ್ನೊಂದು ಅಡಿಯ ಎರಡು ಕೋಣೆ. ಬ್ರಿಕ್ಕಿನಲ್ಲಿ ಪ್ರತಿ ಗೋಡೆಯೂ ಒಂದು ಸ್ಟಡ್ ತಿನ್ನುತ್ತದೆ, ಅಂದರೆ ಪೂರಾ ಒಂದು ಅಡಿ. 24ರಲ್ಲಿ ಮೂರು ಹೋದರೆ 21. ಅದು ಬೆಸ ಸಂಖ್ಯೆ, ಸಮವಾಗಿ ಒಡೆಯುವುದಿಲ್ಲ. ಒಂದು ಕೋಣೆ 11, ಇನ್ನೊಂದು 10. ಮುಂದೆ ಎರಡೂ ಕೋಣೆಗೆ ಒಂದೇ ತರಹದ ಕಿಟಕಿ ಕೂರಿಸಲು ಹೋದಾಗ ಒಂದು ಕಡೆ ನಡುವಿಗೆ ಬರುತ್ತದೆ, ಇನ್ನೊಂದು ಕಡೆ ಅರ್ಧ ಸ್ಟಡ್ ಸರಿಯುತ್ತದೆ. ಹೊರಗಿನ ಅಗಲವನ್ನು 25 ಮಾಡಿಬಿಡಿ. 22 ಉಳಿಯುತ್ತದೆ, ಹನ್ನೊಂದು ಹನ್ನೊಂದು. ಸೆಟ್‌ಬ್ಯಾಕಿನಲ್ಲಿ ಅರ್ಧರ್ಧ ಅಡಿ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೋಡೆಯನ್ನು ನಿಜವಾದ ದಪ್ಪದಲ್ಲೇ ಬೇಕೆನ್ನುವವರಿಗೆ ಇನ್ನೊಂದು ದಾರಿ ಇದೆ. ಪ್ಲೇಟುಗಳನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಸ್ಟಡ್ ಇರುವ ಮುಖಕ್ಕೆ ಟೈಲ್, ಅಂದರೆ ಸ್ಟಡ್ ಇಲ್ಲದ ಪ್ಲೇಟ್, ಹೊದಿಸಿ. ಪ್ಲೇಟ್ 3.2, ಟೈಲ್ 3.2, ಒಟ್ಟು 6.4 ಮಿ.ಮೀ. ನಮ್ಮ ಸ್ಕೇಲಿನಲ್ಲಿ 9.6 ಇಂಚು, ಹೆಚ್ಚುಕಡಿಮೆ ಒಂಬತ್ತು ಇಂಚಿನ ಗೋಡೆ. ಟೈಲ್ ಮೇಲ್ಮೈ ಗಾರೆ ಮಾಡಿದಂತೆ ನುಣುಪಾಗಿಯೂ ಕಾಣುತ್ತದೆ. ನೆಟ್ಟಗೆ ನಿಂತ ಪ್ಲೇಟಿನ ಎತ್ತರ 8 ಮಿ.ಮೀ.ನ ಹೆಜ್ಜೆಯಲ್ಲಿ ಏರುತ್ತದೆ, ತಾರಸಿಯ ಎತ್ತರ 25 ಪ್ಲೇಟ್ ಅಂದರೆ 80 ಮಿ.ಮೀ., ಸರಿಯಾಗಿ 10 ಸ್ಟಡ್. ಮೇಲೆ ಕೆಳಗೆ ಬಿರುಕು ಉಳಿಯುವುದಿಲ್ಲ. ತಾರಸಿಯನ್ನು 24 ಪ್ಲೇಟಿಗೆ ಇಳಿಸಿದವರಿಗೆ ಈ ಭಾಗ್ಯ ಇಲ್ಲ. 76.8 ಮಿ.ಮೀ. ಅಂದರೆ ಒಂಬತ್ತು ಸ್ಟಡ್ ಮುಗಿದು ಇನ್ನೂ 4.8 ಮಿ.ಮೀ. ಬಾಕಿ. ಅದನ್ನು ಒಂದೂವರೆ ಪ್ಲೇಟಿನಿಂದ ಮುಚ್ಚಬೇಕು, ಅರ್ಧ ಪ್ಲೇಟ್ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಮೆಟ್ಟಿಲು ಇನ್ನೊಂದು ಮೋಸದ ಜಾಗ. ಒಂದು ಸ್ಟಡ್ ಮುಂದೆ, ಒಂದು ಪ್ಲೇಟ್ ಮೇಲೆ ಎಂದು ಕಟ್ಟಿದರೆ ನೋಡಲು ಚೆಂದ, ಸ್ಕೇಲಿಗೂ ಹತ್ತಿರ. ಆದರೆ 26 ಪ್ಲೇಟ್ ಏರಲು 26 ಸ್ಟಡ್ ಉದ್ದ ಬೇಕು. ನಲವತ್ತು ಅಡಿ ಸೈಟಿನಲ್ಲಿ ಇಪ್ಪತ್ತಾರು ಅಡಿ ಮೆಟ್ಟಿಲೇ ಆಯಿತು. ಸ್ಟಡ್‌ಗೆ ಎರಡು ಪ್ಲೇಟ್ ಏರಿಸಿ. 13 ಸ್ಟಡ್‌ಗೆ ಮುಗಿಯುತ್ತದೆ, ನಡುವೆ ತಿರುವು ಕೊಟ್ಟರೆ ಇನ್ನೂ ಕಡಿಮೆ ಜಾಗ. ಮೆಟ್ಟಿಲ ಎತ್ತರ 9.6 ಇಂಚು ಆಗುತ್ತದೆ, ನಿಜದಲ್ಲಿ ಅಂಥ ಮೆಟ್ಟಿಲು ಹತ್ತಲು ಮಂಡಿ ನೋಯುತ್ತದೆ, ಮಾದರಿಯಲ್ಲಿ ಒಪ್ಪುತ್ತದೆ.

ಬಾಗಿಲಿನಲ್ಲಿ ಮಾತ್ರ ಗೊಂಬೆಗೆ ಸೋಲಬೇಕು. ತೋಳು ಸೇರಿ 24 ಮಿ.ಮೀ. ಅಂದರೆ ಮೂರು ಅಡಿ ಅಗಲದ ಮನುಷ್ಯ! ಮೂರು ಅಡಿ ಬಾಗಿಲಲ್ಲಿ ಅವನು ಮಗ್ಗುಲಾಗಿ ನುಗ್ಗಬೇಕು. ಲೆಗೋದ ದೊಡ್ಡ ಬಾಗಿಲು ಚೌಕಟ್ಟು 4 ಸ್ಟಡ್ ಅಗಲ, 6 ಬ್ರಿಕ್ ಎತ್ತರ ಇರುವುದು ಇದಕ್ಕಾಗಿ. ಎತ್ತರ 7.2 ಅಡಿ, ಅದು ಸರಿ. ಅಗಲ 4 ಅಡಿ, ಅದು ಹೆಚ್ಚು. ತಲೆಬಾಗಿಲಿಗೆ ಅದನ್ನೇ ಹಾಕಿ, ಒಳಬಾಗಿಲುಗಳನ್ನು 3 ಸ್ಟಡ್‌ನ ತೆರವು ಬಿಟ್ಟು ಮುಗಿಸಿ. ಕಣ್ಣು ಮೊದಲು ಹೋಗುವುದು ತಲೆಬಾಗಿಲಿಗೆ, ಅಲ್ಲಿ ಗೊಂಬೆ ಮತ್ತು ಬಾಗಿಲು ಹೊಂದಿದರೆ ಉಳಿದದ್ದನ್ನು ನೋಡುವವರ ಮನಸ್ಸೇ ಹೊಂದಿಸಿಕೊಳ್ಳುತ್ತದೆ.

ಮನೆಗೆ ಎತ್ತರದ ಸ್ಕೇಲ್ ನಡೆಯಿತು. ವಾಹನಕ್ಕೆ ನಡೆಯುವುದಿಲ್ಲ, ಯಾಕೆಂದರೆ ಒಳಗೆ ಕೂರುವವರ ಅಗಲ ಬದಲಾಗದು. ಆಟೋರಿಕ್ಷಾ ನೋಡಿ. ಸಾಮಾನ್ಯ ಆಟೋ ಸುಮಾರು 2.6 ಮೀಟರ್ ಉದ್ದ, 1.3 ಅಗಲ, 1.7 ಎತ್ತರ. 1:42ರಲ್ಲಿ ಅಗಲ 31 ಮಿ.ಮೀ., ನಾಲ್ಕು ಸ್ಟಡ್ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬನೇ ಪ್ರಯಾಣಿಕ ಕೂತು, ಆಟೋ ತುಂಬಿಹೋಗುತ್ತದೆ. 6 ಸ್ಟಡ್‌ಗೆ ಹಿಗ್ಗಿಸಿದರೆ ಸ್ಕೇಲ್ 1:27, ಉದ್ದ 12 ಸ್ಟಡ್, ಪಕ್ಕದಲ್ಲಿ ನಿಂತ ಗೊಂಬೆ ಮಗುವಿನಂತೆ ಕಾಣುತ್ತದೆ.

ನಮ್ಮ ಸಲಹೆ 5. 5 ಸ್ಟಡ್ ಅಂದರೆ 40 ಮಿ.ಮೀ., ಸ್ಕೇಲ್ 1:32.5. ಉದ್ದ 80 ಮಿ.ಮೀ., ಸರಿಯಾಗಿ 10 ಸ್ಟಡ್. ಎತ್ತರ 52, ಅಂದರೆ 16 ಪ್ಲೇಟ್. ಬೆಸ ಸಂಖ್ಯೆಯ ಅಗಲದಲ್ಲಿ ಕಟ್ಟುವುದು ತಲೆನೋವು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆಟೋಗೆ ಅದೇ ವರ. ಅದಕ್ಕೆ ಮುಂದೆ ಇರುವುದು ಒಂದೇ ಚಕ್ರ, ಅದೂ ನಟ್ಟನಡುವೆ. 5ರಲ್ಲಿ ಮೂರನೇ ಸ್ಟಡ್ ಸರಿಯಾಗಿ ನಡುಗೆರೆಯ ಮೇಲಿದೆ. ಚಕ್ರ, ಹ್ಯಾಂಡಲ್, ಚಾಲಕನ ಮುಂದಿನ ದೀಪ ಎಲ್ಲವೂ ತಾನಾಗಿ ನಡುವಿಗೆ ಬರುತ್ತವೆ. 4 ಅಥವಾ 6ರಲ್ಲಿ ನಡುಗೆರೆ ಎರಡು ಸ್ಟಡ್‌ಗಳ ಸಂದಿಯಲ್ಲಿ ಬೀಳುತ್ತದೆ, ಚಕ್ರವನ್ನು ನಡುವಿಗೆ ತರಲು ಜಂಪರ್ ಪ್ಲೇಟ್ ಬೇಕು. ಎರಡು ಸ್ಟಡ್ ಜಾಗದ ನಡುವೆ ಒಂದೇ ಸ್ಟಡ್ ಇರುವ ಪ್ಲೇಟ್ ಅದು, ಅರ್ಧ ಸ್ಟಡ್ ಸರಿಸಲು ಇರುವ ಸುಲಭದ ಸಾಧನ. ಆದರೆ ಚಕ್ರದ ಭಾರವೆಲ್ಲ ಒಂದೇ ಸ್ಟಡ್ ಮೇಲೆ ನಿಂತರೆ ಮಗು ಆಟೋ ಓಡಿಸಿದ ಎರಡನೇ ನಿಮಿಷಕ್ಕೆ ಮುಂಭಾಗ ತಿರುಗಿಕೊಳ್ಳುತ್ತದೆ. ಗೊಂಬೆ ಮತ್ತೆ ಇಲ್ಲಿ 5 ಅಡಿ ಅಲ್ಲ, ಸುಮಾರು 4 ಅಡಿ 3 ಇಂಚು. ಕೂತಾಗ ಅದು ಗೊತ್ತಾಗುವುದಿಲ್ಲ.

ಎತ್ತರದ 16 ಪ್ಲೇಟನ್ನು ಹೀಗೆ ಹಂಚಿ. ನೆಲದಿಂದ ತಳಕ್ಕೆ 2, ತಳ 1, ಸೀಟು 1. ಕೂತ ಗೊಂಬೆ ಟೋಪಿ ಇಲ್ಲದೆ ಸುಮಾರು 30 ಮಿ.ಮೀ., ಅಂದರೆ ಒಂಬತ್ತೂವರೆ ಪ್ಲೇಟ್. ಮೇಲೆ ಹೊದಿಕೆ 1. ಒಟ್ಟು ಹದಿನಾಲ್ಕೂವರೆ, ಒಂದೂವರೆ ಪ್ಲೇಟ್ ಉಳಿಯುತ್ತದೆ. ಕೂದಲು ಹಾಕಿದರೆ ಆ ಉಳಿಕೆ ಬೇಕೇ ಬೇಕು. ಉದ್ದವನ್ನೂ ಹಾಗೆಯೇ ಹಂಚಿ. ಗೊಂಬೆ ಕೂತಾಗ ಕಾಲು ಮುಂದಕ್ಕೆ ನೆಟ್ಟಗೆ ಚಾಚುತ್ತದೆ, ಮಂಡಿ ಮಡಚುವುದಿಲ್ಲ. ಹಾಗಾಗಿ ಒಬ್ಬರಿಗೆ ಮೂರು ಸ್ಟಡ್ ಉದ್ದ. ಚಾಲಕನಿಗೆ 3, ಪ್ರಯಾಣಿಕರಿಗೆ 3, ಮುಂದಿನ ಮೂತಿಗೆ 2, ಹಿಂದೆ ಎಂಜಿನ್‌ಗೆ 2. ಹತ್ತು ಮುಗಿಯಿತು. ಆಟೋದ ಪಕ್ಕಗಳು ತೆರೆದಿರುವುದರಿಂದ ಐದು ಸ್ಟಡ್‌ನಲ್ಲಿ ಇಬ್ಬರನ್ನು ತೋಳು ಹಿಂದೆಮುಂದೆ ಮಾಡಿ ಕೂರಿಸಬಹುದು. ಮೂರನೆಯವರಿಗೆ ಜಾಗವಿಲ್ಲ.

ಇದೇ ಕಾರಣಕ್ಕೆ ಲೆಗೋ ತಾನೇ ತನ್ನ ಸ್ಪೀಡ್ ಚಾಂಪಿಯನ್ಸ್ ಕಾರುಗಳನ್ನು 2020ರಲ್ಲಿ 6 ಸ್ಟಡ್ ಅಗಲದಿಂದ 8ಕ್ಕೆ ಹಿಗ್ಗಿಸಿತು. 6ರಲ್ಲಿ ಎರಡು ಗೋಡೆ ಕಳೆದರೆ ಒಳಗೆ 4, ಅಕ್ಕಪಕ್ಕ ಇಬ್ಬರು ಕೂರಲಾರರು.

ಮನುಷ್ಯರ ಪ್ರಮಾಣವೇ ಸರಿಯಿರಬೇಕು ಎನ್ನುವವರು ಮಿನಿಫಿಗರನ್ನು ಬಿಟ್ಟೇಬಿಡಬೇಕು. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ 1968ರಲ್ಲಿ ತೆರೆದ ಲೆಗೋಲ್ಯಾಂಡ್‌ನ ಮಿನಿಲ್ಯಾಂಡ್ ಊರುಗಳು 1:20ರವು, ಅಲ್ಲಿನ ಜನರನ್ನು ಬ್ರಿಕ್ಕುಗಳಿಂದಲೇ ಕಟ್ಟುತ್ತಾರೆ. ಒಬ್ಬ ಮನುಷ್ಯ ಸುಮಾರು ಒಂಬತ್ತು ಹತ್ತು ಬ್ರಿಕ್ ಎತ್ತರ. ಪ್ರಮಾಣ ಚೆನ್ನಾಗಿ ಬರುತ್ತದೆ, ಜಾಗ ಮತ್ತು ಬ್ರಿಕ್ಕು ವಿಪರೀತ ಹಿಡಿಯುತ್ತದೆ.

ರೈಲಿನಲ್ಲಿ ಬದಲಾಗದ ಭಾಗ ಹಳಿ. ಲೆಗೋ ಹಳಿಗಳ ನಡುವಿನ ಅಂತರ 37.5 ಮಿ.ಮೀ. ಯುರೋಪಿನ 1435 ಮಿ.ಮೀ. ಗೇಜಿಗೆ ಅದು 1:38. ನಮ್ಮ ಬ್ರಾಡ್‌ಗೇಜ್ 1676, ಹಾಗಾಗಿ 1:44.7. ಅದರಂತೆ ಹೋದರೆ 3.24 ಮೀಟರ್ ಅಗಲದ, ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗೆ 9 ಸ್ಟಡ್ ಅಗಲ ಬೇಕು. ಹೆಚ್ಚಿನವರು 8ಕ್ಕೆ ನಿಲ್ಲುತ್ತಾರೆ, ಸ್ಕೇಲ್ ಸುಮಾರು 1:50. ಅಗಲ ಇಷ್ಟಾದರೆ ಉದ್ದ? 23.54 ಮೀಟರ್ ಬೋಗಿ 58 ಸ್ಟಡ್ ಆಗುತ್ತದೆ. ಶೋಕೇಸಿನಲ್ಲಿಡಲು ಅದ್ಭುತ. ಓಡಿಸಲು ಆಗದು.

ಯಾಕೆ ಎಂದು ಲೆಕ್ಕ ಹಾಕೋಣ. ಲೆಗೋದ ಸಾಮಾನ್ಯ ತಿರುವಿನ ತ್ರಿಜ್ಯ 40 ಸ್ಟಡ್, 320 ಮಿ.ಮೀ. ಬೋಗಿಯ ಕೆಳಗೆ ಚಕ್ರಗಳನ್ನು ಹೊತ್ತು ತಿರುಗುವ ಎರಡು ಚಕ್ರಗಾಡಿಗಳ ನಡುವಿನ ಅಂತರ ನಿಜದಲ್ಲಿ 14.9 ಮೀಟರ್, ಮಾದರಿಯಲ್ಲಿ 294 ಮಿ.ಮೀ. ಅರ್ಧ 147. 320ರ ವರ್ಗದಿಂದ 147ರ ವರ್ಗ ಕಳೆದು ವರ್ಗಮೂಲ ತೆಗೆದರೆ 284. 320ರಲ್ಲಿ 284 ಹೋದರೆ 36. ತಿರುವಿನಲ್ಲಿ ಬೋಗಿಯ ಹೊಟ್ಟೆ ಹಳಿಯ ನಡುವಿನಿಂದ 36 ಮಿ.ಮೀ., ನಾಲ್ಕೂವರೆ ಸ್ಟಡ್, ಒಳಕ್ಕೆ ಸರಿಯುತ್ತದೆ. ಪಕ್ಕದ ಸಿಗ್ನಲ್ ಕಂಬ ಬಿತ್ತೆಂದೇ ಲೆಕ್ಕ. ಅದರ ಬದಲು ಬೋಗಿಯನ್ನು 36 ಸ್ಟಡ್ ಉದ್ದಕ್ಕೆ ಕುಗ್ಗಿಸಿ, ಚಕ್ರಗಾಡಿಗಳನ್ನು 22 ಸ್ಟಡ್ ಅಂತರದಲ್ಲಿಟ್ಟರೆ ಇದೇ ಲೆಕ್ಕಕ್ಕೆ 12 ಮಿ.ಮೀ. ಬರುತ್ತದೆ. ಹೊರ ಮೂಲೆ ಹಳಿಯ ನಡುವಿನಿಂದ 49 ಮಿ.ಮೀ. ದೂರಕ್ಕೆ ಬೀಸುತ್ತದೆ. 6 ಸ್ಟಡ್ ಅಂದರೆ 48, ಸಾಲದು. ತಿರುವಿನ ಹೊರಬದಿಯಲ್ಲಿ 7 ಸ್ಟಡ್ ಬಿಟ್ಟೇ ಪ್ಲಾಟ್‌ಫಾರಂ ಇಡಿ.

ಕುಗ್ಗಿಸುವಾಗ ಒಂದು ತಪ್ಪು ತುಂಬ ಕಾಣುತ್ತೇವೆ. ಹತ್ತೂ ಕಿಟಕಿಗಳನ್ನು ಉಳಿಸಿಕೊಳ್ಳಲು ಒಂದೊಂದನ್ನೂ ಸಣ್ಣದು ಮಾಡುತ್ತಾರೆ. ಬೋಗಿ ಅಲ್ಲಿಗೆ ಆಟಿಕೆಯಾಯಿತು. ಕಿಟಕಿಯ ಅಗಲ, ಸಂದಿ ಎರಡನ್ನೂ ಸ್ಕೇಲಿನಂತೆ ಉಳಿಸಿ, ಸಂಖ್ಯೆಯನ್ನು ಆರಕ್ಕೆ ಇಳಿಸಿ. ರೈಲಿನ ಕಿಟಕಿಯನ್ನು ಯಾರೂ ಎಣಿಸುವುದಿಲ್ಲ.

ಕಟ್ಟಡದ ಕಂಬಗಳನ್ನು ಮಾತ್ರ ಎಣಿಸುತ್ತಾರೆ. 1956ರಲ್ಲಿ ಮುಗಿದ ವಿಧಾನಸೌಧ 700 ಅಡಿ ಉದ್ದ, 350 ಅಡಿ ಅಗಲ. ಸ್ಟಡ್‌ಗೆ ಒಂದು ಅಡಿಯಂತೆ ಕಟ್ಟಿದರೆ 700 ಸ್ಟಡ್, ಐದೂವರೆ ಮೀಟರಿಗೂ ಹೆಚ್ಚು. ಹಾಗಾಗಿ ಗೊಂಬೆಯನ್ನು ಮರೆತು ಸಣ್ಣ ಸ್ಕೇಲಿಗೆ ಇಳಿಯಲೇಬೇಕು. ಎಷ್ಟು ಸಣ್ಣದು? ಇಲ್ಲಿ ಬದಲಾಗದ ಭಾಗ ಪೂರ್ವದ ಮುಖಮಂಟಪದ 12 ಕಲ್ಲುಕಂಬಗಳು. ಒಂದೊಂದೂ 40 ಅಡಿ. ಹತ್ತು ಮಾಡಿದರೆ ಅದು ವಿಧಾನಸೌಧ ಅಲ್ಲ. ಕಂಬಕ್ಕೆ ಒಂದು ಸ್ಟಡ್, ಸಂದಿಗೆ ಒಂದು ಸ್ಟಡ್ ಕೊಟ್ಟರೆ 12 ಕಂಬ, 11 ಸಂದಿ, ಒಟ್ಟು 23 ಸ್ಟಡ್, 184 ಮಿ.ಮೀ. ಮುಂದಿನ ಮೆಟ್ಟಿಲುಗಳ ಅಗಲ 200 ಅಡಿಗೂ ಹೆಚ್ಚು. ಕಂಬದ ಸಾಲು ಅದರಲ್ಲಿ ಎಷ್ಟು ಪಾಲು ಎಂಬುದನ್ನು ಎದುರಿನಿಂದ, ದೂರ ನಿಂತು, ಜೂಮ್ ಮಾಡಿ ತೆಗೆದ ಫೋಟೋದಲ್ಲಿ ಅಳೆದುಕೊಳ್ಳಿ. ಹತ್ತಿರದಿಂದ ತೆಗೆದದ್ದಾದರೆ ಮುಂದಿರುವ ಮೆಟ್ಟಿಲು ಹಿಂದಿನ ಕಂಬಕ್ಕಿಂತ ಅಗಲವಾಗಿ ಕಂಡು ಲೆಕ್ಕ ಕೆಡುತ್ತದೆ. ಲೆಕ್ಕದ ಕ್ರಮ ತೋರಿಸಲು ಎರಡೂ ಸಮ ಎಂದು ಹಿಡಿದರೆ, 62 ಮೀಟರನ್ನು 184 ಮಿ.ಮೀ.ನಿಂದ ಭಾಗಿಸಿ 1:337.

ಈಗ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಉದ್ದ 79 ಸ್ಟಡ್, ಅಗಲ 40. 48ರ ಎರಡು ಬೇಸ್‌ಪ್ಲೇಟ್ ಸಾಕು. ಕಂಬದ ಎತ್ತರ 36 ಮಿ.ಮೀ., 11 ಪ್ಲೇಟ್. 45 ಮೆಟ್ಟಿಲುಗಳನ್ನು ಒಂದೊಂದೂ ಆರು ಇಂಚು ಎಂದು ಹಿಡಿದರೆ ಒಟ್ಟು ಎತ್ತರ 20 ಮಿ.ಮೀ., 6 ಪ್ಲೇಟ್. ನಲವತ್ತೈದಕ್ಕೆ ಆರು, ಬೇರೆ ದಾರಿಯಿಲ್ಲ.

ಉದ್ದ 79 ಎಂಬ ಬೆಸ ಸಂಖ್ಯೆ ಬಂದದ್ದು ಅದೃಷ್ಟ. ಕಂಬಸಾಲಿನ 23 ಕೂಡ ಬೆಸ, ಎರಡರ ನಡುಗೆರೆ ಒಂದೇ ಆಗುತ್ತದೆ. 80ಕ್ಕೆ ದುಂಡಗೆ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ತೊಡಕಿರುವುದು ನಡುವಿನ ಗುಮ್ಮಟದಲ್ಲಿ. 60 ಅಡಿ ವ್ಯಾಸ ಅಂದರೆ 54 ಮಿ.ಮೀ., 6.8 ಸ್ಟಡ್. ದುಂಡು ಭಾಗಗಳು ಸುಲಭವಾಗಿ ಸಿಗುವುದು 6 ಮತ್ತು 8ರಲ್ಲಿ. ನಾವು 6 ಅನ್ನುತ್ತೇವೆ. ನಿಜವಾದ ವಿಧಾನಸೌಧವನ್ನು ನಾವು ಕೆಳಗಿನಿಂದ ತಲೆಯೆತ್ತಿ ನೋಡುತ್ತೇವೆ, ಮಾದರಿಯನ್ನು ಮೇಜಿನ ಮೇಲಿಟ್ಟು ಮೇಲಿನಿಂದ ನೋಡುತ್ತೇವೆ. ಮೇಲಿನಿಂದ ನೋಡುವ ಕಣ್ಣಿಗೆ ಗುಮ್ಮಟ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ, 8 ಹಾಕಿದರೆ ಕಟ್ಟಡದ ತಲೆ ಭಾರವಾಗುತ್ತದೆ. ಆದರೆ 6 ಸಮ ಸಂಖ್ಯೆ, ಕೆಳಗಿರುವುದು 79. ಹಾಗೆಯೇ ಒತ್ತಿದರೆ ಗುಮ್ಮಟ ಅರ್ಧ ಸ್ಟಡ್, 4 ಮಿ.ಮೀ., ಒಂದು ಪಕ್ಕಕ್ಕೆ ಸರಿದು ಕೂರುತ್ತದೆ. ನಾಲ್ಕು ಮಿ.ಮೀ. ಏನು ಮಹಾ ಅನಿಸಬಹುದು. ನಡುವಿನ ಸಂದಿಯ ನೇರಕ್ಕೆ ಗುಮ್ಮಟದ ತುದಿ ಇಲ್ಲದಿದ್ದರೆ ಐದಡಿ ದೂರದಿಂದಲೂ ಗೊತ್ತಾಗುತ್ತದೆ. ಗುಮ್ಮಟದ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಜಂಪರ್ ಪ್ಲೇಟ್ ಇಡಿ, ನಾಲ್ಕೂ ಉದ್ದದ ದಿಕ್ಕಿಗೇ ಇರಲಿ. ಅಡ್ಡಡ್ಡ ಇಟ್ಟರೆ ಗುಮ್ಮಟ ಹಿಂದುಮುಂದಕ್ಕೆ ಸರಿಯುತ್ತದೆ, ಅಗಲ 40 ಸಮವಾದ್ದರಿಂದ ಅಲ್ಲಿ ಸರಿಸುವ ಅಗತ್ಯವೇ ಇಲ್ಲ.

ಇಡೀ ಕಟ್ಟಡದ ಬ್ರಿಕ್ಕು ಕೊಳ್ಳುವ ಮುನ್ನ ಇಷ್ಟನ್ನು ಮಾತ್ರ ಕಟ್ಟಿ ನೋಡಿ: 12 ಕಂಬ, ಅದರ ಮೇಲೆ ಒಂದು ಸಾಲು ಪ್ಲೇಟ್, ನಾಲ್ಕು ಜಂಪರ್, ಗುಮ್ಮಟ. ಕೈಯಲ್ಲಿರುವ ಯಾವ ಬಣ್ಣವಾದರೂ ಆದೀತು. ಎದುರಿಗೆ ಕೂತು, ಒಂದು ಕಣ್ಣು ಮುಚ್ಚಿ, ಆರನೇ ಮತ್ತು ಏಳನೇ ಕಂಬದ ನಡುವಿನ ಸಂದಿಯಿಂದ ನೇರ ಮೇಲಕ್ಕೆ ನೋಡಿ. ಗುಮ್ಮಟದ ತುದಿ ಅಲ್ಲೇ ಇದ್ದರೆ ಬಿಡಿಭಾಗಗಳಿಗೆ ಆರ್ಡರ್ ಹಾಕಿ.